ಝಳಕಿಯ ಕರಿಕಲ್ಲು, ಶಾರ್ಕಿನ ಹಲ್ಲು

ಝಳಕಿಯ ಸುತ್ತ ಎಲ್ಲಿ ಬಾವಿ ತೋಡಿದರೂ ಮಣ್ಣು ಹೊರಬರುವ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲು ಎರೆಮಣ್ಣು, ಅದರ ಕೆಳಗೆ ಗರಸು, ಆಮೇಲೆ ಕರಿಕಲ್ಲು. ಕರಿಕಲ್ಲು ಬಂತೆಂದರೆ ಗುದ್ದಲಿಯವರು ಮೇಲೆ ಬರುತ್ತಾರೆ, ಮದ್ದು ಹಾಕುವವರು ಕೆಳಗೆ ಇಳಿಯುತ್ತಾರೆ. ಒಡೆದ ಕಲ್ಲು ಬಾವಿಯ ದಂಡೆಯ ಮೇಲೆ ಗುಡ್ಡೆಯಾಗಿ ಬೀಳುತ್ತದೆ. ಆ ಗುಡ್ಡೆ ಊರ ಹುಡುಗರ ಪಾಲಿಗೆ ಖಜಾನೆ. ಕರಿಕಲ್ಲಿನ ಹೊಟ್ಟೆಯಲ್ಲಿ ಬಿಳಿ, ಹಸಿರು, ತಿಳಿಗೆಂಪು ಬಣ್ಣದ ಹರಳುಗಳು ಸಿಗುತ್ತವೆ.

ಅಂಥದ್ದೇ ಒಂದು ಗುಡ್ಡೆಯ ಮೇಲಿಂದ ಹತ್ತು ಹನ್ನೆರಡು ವಯಸ್ಸಿನ ಹುಡುಗನೊಬ್ಬ ಓಡಿಬಂದು ನನ್ನೆದುರು ಅಂಗೈ ಬಿಚ್ಚಿದ.

"ಕಾಕಾ, ಮಸಳಿ ಹಲ್ಲ ನೋಡ್ರಿ."

ಕಿರುಬೆರಳಿನಷ್ಟು ಉದ್ದ, ಹಾಲಿನ ಬಿಳುಪು, ತುದಿ ಚೂಪು. ಹಲ್ಲಲ್ಲ ಎನ್ನಲು ಬಾಯಿ ಬರುವಂತಿರಲಿಲ್ಲ. ಬೇವಿನ ನೆರಳಲ್ಲಿ ಕುಳಿತಿದ್ದ ಅವನ ಅಜ್ಜ ತಿದ್ದಿದರು: "ಮಸಳಿದಲ್ಲೋ ತಮ್ಮಾ. ಹಿಂದಕ್ಕ ಇಲ್ಲೆಲ್ಲಾ ಸಮುದ್ರ ಇತ್ತಂತ. ಸಮುದ್ರದ ದೊಡ್ಡ ಮೀನಿಂದ ಇರಬೇಕು." ಕತೆ ಬರೆಯುವವನಿಗೆ ಇಂಥ ಮಾತು ಸಿಕ್ಕರೆ ಬಿಡಲು ಮನಸ್ಸಾಗುವುದಿಲ್ಲ. ಝಳಕಿಯ ಬಾವಿಯಲ್ಲಿ ಶಾರ್ಕಿನ ಹಲ್ಲು! ತಲೆಬರಹ ಆಗಲೇ ತಯಾರಾಗಿತ್ತು.

ಆದರೆ ಅದು ಹಲ್ಲಾಗಿರಲಿಲ್ಲ. ತಿರುಗಿಸಿ ನೋಡಿದರೆ ಎಲ್ಲ ಬದಿಯೂ ಚಪ್ಪಟೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಲ್ಲಿಗೆ ಎರಡು ಭಾಗ ಇರಬೇಕು, ಮೇಲೆ ಹೊಳಪಿನ ಹೊದಿಕೆ, ಕೆಳಗೆ ಮಂಕಾದ, ಸಣ್ಣ ರಂಧ್ರಗಳಿರುವ ಬೇರು. ಇಲ್ಲಿ ಬುಡದಿಂದ ತುದಿಯವರೆಗೆ ಒಂದೇ ವಸ್ತು. ತುದಿಯನ್ನು ತುಸು ಪುಡಿ ಮಾಡಿ ಅದರ ಮೇಲೆ ಲಿಂಬೆ ಹಿಂಡಿದಾಗ ನೊರೆ ಬಂತು. ಅದು ಕ್ಯಾಲ್ಸೈಟ್ ಹರಳು. ಹಲ್ಲು ಬೇರೆ ಜಾತಿಯ ಸುಣ್ಣ, ರಂಜಕ ಸೇರಿದ್ದು, ಹಾಗೆ ನೊರೆಯುವುದಿಲ್ಲ. ಲಾವಾರಸ ಆರುವಾಗ ಒಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಜಾಗದಲ್ಲಿ ಆಮೇಲೆ ನೀರು ಜಿನುಗಿ, ಆ ನೀರಿನಲ್ಲಿ ಕರಗಿದ್ದ ಸುಣ್ಣ ಹರಳುಗಟ್ಟುತ್ತದೆ. ಪಶ್ಚಿಮದ ಗಣಿ ಕೆಲಸದವರು ಈ ಆಕಾರದ ಹರಳಿಗೆ 'ನಾಯಿಹಲ್ಲು' ಎಂದೇ ಹೆಸರಿಟ್ಟಿದ್ದಾರೆ. ಮೋಸಹೋದವರು ನಾವಷ್ಟೇ ಅಲ್ಲ.

ಹುಡುಗನ ಮುಖ ಬಾಡಿತು. ಅಜ್ಜನ ಮುಖವೂ. ಆದರೆ ಅಜ್ಜನ ಮಾತಿನಲ್ಲಿ ಅವರಿಗೂ ಗೊತ್ತಿಲ್ಲದ ಒಂದು ನಿಜವಿತ್ತು. ಈ ಕರಿಕಲ್ಲಿನ ವಯಸ್ಸನ್ನು ಜಗತ್ತಿಗೆ ತಿಳಿಸಿದ ಸಾಕ್ಷಿಗಳಲ್ಲಿ ಒಂದು ಮೀನಿನ ಹಲ್ಲೇ. ಅದು ಶಾರ್ಕಿನ ದಾಯಾದಿ ಮೀನು. ಸಿಕ್ಕ ಹಲ್ಲು ಕಾಳಿನಷ್ಟು ಸಣ್ಣದು. ಅದರ ಕತೆ ಹೇಳಬೇಕಾದರೆ ಮೊದಲು ಶಾರ್ಕಿನ ಬಾಯಿಯಿಂದ ಆರಂಭಿಸಬೇಕು.

ನಮ್ಮ ಕರಾವಳಿಯ ತುಳುವರು ಶಾರ್ಕನ್ನು ತಾಟೆ ಎನ್ನುತ್ತಾರೆ. ಅರಬ್ಬಿಯಲ್ಲಿ ಅದು 'ಕಿರ್ಶ್'. ಮಕ್ಕಾದ ಖುರೈಶ್ ಕುಲಕ್ಕೆ ಆ ಹೆಸರು ಬಂದದ್ದು ಈ ಸಮುದ್ರಪ್ರಾಣಿಯಿಂದಲೇ ಎಂದು ಹಳೆಯ ವಿದ್ವಾಂಸರು ಕೊಟ್ಟ ಹಲವು ವಿವರಣೆಗಳಲ್ಲಿ ಒಂದು ಹೇಳುತ್ತದೆ. ಒಟ್ಟುಗೂಡುವುದು, ವ್ಯಾಪಾರ ಮಾಡುವುದು ಎಂಬರ್ಥದ ಮೂಲಗಳನ್ನು ಹೇಳಿದವರೂ ಇದ್ದಾರೆ. ಅದೇನೇ ಇರಲಿ, ಮರುಭೂಮಿಯ ಜನರಿಗೆ ಸಮುದ್ರದ ಈ ಬಲಶಾಲಿಯ ಪರಿಚಯ ಚೆನ್ನಾಗಿಯೇ ಇತ್ತು.

ಶಾರ್ಕಿಗೆ ಎಲುಬಿಲ್ಲ. ಅದರ ಮೈಯ ಹಂದರವೆಲ್ಲ ನಮ್ಮ ಕಿವಿಯ ಆಲೆಯಲ್ಲಿರುವಂಥ ಮೆದು ಎಲುಬು. ಸತ್ತ ಮೇಲೆ ಅದು ಕೊಳೆತುಹೋಗುತ್ತದೆ, ಕಲ್ಲಾಗುವುದು ತೀರಾ ಅಪರೂಪ. ಉಳಿಯುವುದು ಹಲ್ಲು. ಆ ಹಲ್ಲಿಗೂ ಲೆಕ್ಕವಿಲ್ಲ. ನಮಗೆ ಹಾಲುಹಲ್ಲು ಬಿದ್ದ ಮೇಲೆ ಇನ್ನೊಂದು ಸಲ ಮಾತ್ರ ಹಲ್ಲು ಬರುತ್ತದೆ. ಶಾರ್ಕಿನ ದವಡೆಯಲ್ಲಿ ಸಾಲಿನ ಹಿಂದೆ ಸಾಲು ಸಿದ್ಧವಾಗಿರುತ್ತದೆ. ಮುಂದಿನದು ಬಿದ್ದರೆ ಹಿಂದಿನದು ಮುಂದಕ್ಕೆ ಸರಿಯುತ್ತದೆ, ನಮಾಜಿನ ಸಾಲಿನಲ್ಲಿ ಮುಂದಿನ ಜಾಗ ಖಾಲಿಯಾದರೆ ಹಿಂದಿನವರು ಹೆಜ್ಜೆ ಮುಂದಿಡುವಂತೆ. ಒಂದೇ ಶಾರ್ಕು ತನ್ನ ಜೀವಮಾನದಲ್ಲಿ ಸಾವಿರಾರು ಹಲ್ಲು ಉದುರಿಸುತ್ತದೆ. ಹಾಗಾಗಿ ಸಮುದ್ರತಳದ ಕೆಸರು ಕಲ್ಲಾದ ಕಡೆಗಳಲ್ಲಿ ಈ ಹಲ್ಲುಗಳು ಧಾರಾಳವಾಗಿ ಸಿಗುತ್ತವೆ.

ಸಿಕ್ಕಿದ್ದು ಹಲ್ಲು ಎಂದು ತಿಳಿಯಲು ಮಾತ್ರ ಮನುಷ್ಯನಿಗೆ ಬಹಳ ಕಾಲ ಬೇಕಾಯಿತು. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದ ಸುಣ್ಣದ ಕಲ್ಲಿನಲ್ಲಿ ಮುಮ್ಮೂಲೆಯ ದೊಡ್ಡ ಹಲ್ಲುಗಳು ಸಿಗುತ್ತಿದ್ದವು. ಯುರೋಪಿನವರು ಅವನ್ನು 'ನಾಲಗೆಕಲ್ಲು' ಎಂದು ಕರೆದರು. ಸಂತ ಪೌಲನ ಶಾಪದಿಂದ ಕಲ್ಲಾದ ಹಾವಿನ ನಾಲಗೆಗಳಿವು ಎಂದು ನಂಬಿದರು. ರೋಮಿನ ಪ್ಲಿನಿ ಅದಕ್ಕಿಂತ ಮೊದಲೇ ಇವು ಚಂದ್ರನಿಲ್ಲದ ವೇಳೆ ಆಕಾಶದಿಂದ ಬೀಳುತ್ತವೆಂಬ ಮಾತನ್ನು ದಾಖಲಿಸಿದ್ದ. ವಿಷಕ್ಕೆ ಮದ್ದೆಂದು ರಾಜರು ಇವನ್ನು ಊಟದ ಮೇಜಿನ ಮೇಲೆ ತೂಗುಹಾಕಿಕೊಳ್ಳುತ್ತಿದ್ದರು. ತಾಯಿತ ಕಟ್ಟಿಕೊಳ್ಳುವ ನಾವು ನಗುವಂತಿಲ್ಲ.

1666ರಲ್ಲಿ ಇಟಲಿಯ ಲಿವೊರ್ನೊ ಬಂದರಿನ ಬಳಿ ಬೆಸ್ತರಿಗೆ ಭಾರಿ ಶಾರ್ಕೊಂದು ಸಿಕ್ಕಿತು. ಟಸ್ಕನಿಯ ದೊರೆ ಎರಡನೆಯ ಫರ್ಡಿನಾಂಡೊ ಅದರ ತಲೆಯನ್ನು ಫ್ಲಾರೆನ್ಸಿಗೆ ತರಿಸಿ, ತನ್ನ ಆಶ್ರಯದಲ್ಲಿದ್ದ ಡೆನ್ಮಾರ್ಕಿನ ಅಂಗರಚನಾ ತಜ್ಞ ನಿಕೋಲಸ್ ಸ್ಟೆನೊಗೆ ಒಪ್ಪಿಸಿದ. ಆ ತಲೆಯನ್ನು ಕೊಯ್ದು ನೋಡಿದ ಸ್ಟೆನೊ 1667ರಲ್ಲಿ ಬರೆದ ಪುಸ್ತಕದಲ್ಲಿ ಬಾಯೊಳಗಿನ ಹಲ್ಲನ್ನೂ ಮಾಲ್ಟಾದ ನಾಲಗೆಕಲ್ಲನ್ನೂ ಪಕ್ಕಪಕ್ಕ ಇಟ್ಟು ತೂಗಿದ. ಇಬ್ಬರು ವಿದ್ವಾಂಸರು, ರಾಂಡಲೆ ಮತ್ತು ಕೊಲೊನ್ನಾ, ಅವನಿಗಿಂತ ಮೊದಲೇ ಈ ಹೋಲಿಕೆ ಹೇಳಿದ್ದರು. ಸ್ಟೆನೊ ಕೇಳಿದ ಪ್ರಶ್ನೆ ಬೇರೆ: ಈ ವಸ್ತು ಕಲ್ಲಿನೊಳಗೇ ಬೆಳೆಯುವಂಥದ್ದಾದರೆ ಸುತ್ತಲ ಕಲ್ಲು ಅದನ್ನು ಒತ್ತಿ ಸೊಟ್ಟಗೆ ಮಾಡಬೇಕಿತ್ತು. ಬಂಡೆಯ ಸಂದಿನಲ್ಲಿ ಬೆಳೆದ ಮರದ ಬೇರು ಸೊಟ್ಟಗಾಗುವುದಿಲ್ಲವೇ? ನಾಲಗೆಕಲ್ಲು ಎಲ್ಲಿ ಸಿಕ್ಕರೂ ಅದೇ ಆಕಾರ. ಅಂದರೆ ಅದು ಮೊದಲೇ ಹಲ್ಲಾಗಿತ್ತು, ಕೆಸರು ಆಮೇಲೆ ಅದರ ಸುತ್ತ ಗಟ್ಟಿಯಾಯಿತು. ಇಷ್ಟೆಲ್ಲ ವಾದಿಸಿಯೂ ಆ ಪುಸ್ತಕದಲ್ಲಿ ಆತ ತೀರ್ಪು ಕೊಡುವ ಧಾಟಿಯಲ್ಲಿ ಬರೆಯಲಿಲ್ಲ. ಅವನ ಬಗ್ಗೆ ನನಗೆ ಗೌರವ ಹೆಚ್ಚಾದದ್ದು ಅಲ್ಲಿಯೇ.

ಇಲ್ಲಿ ನಮ್ಮ ಮಜಲಿಸುಗಳಲ್ಲಿ ಕೇಳಿಬರುವ ಒಂದು ಮಾತಿನ ಬಗ್ಗೆ ಹೇಳಲೇಬೇಕು. ಇಂಥ ಸಂಗತಿ ಎತ್ತಿದರೆ ಸಾಕು, "ಇದೆಲ್ಲ ಇಬ್ನ್ ಸೀನಾ ಯಾವತ್ತೋ ಹೇಳಿಬಿಟ್ಟಿದ್ದಾರೆ" ಎನ್ನುವವರು ಒಬ್ಬರಾದರೂ ಇರುತ್ತಾರೆ. ಪಕ್ಕದ ಓಣಿಗೆ ಹೋದರೆ ಇದೇ ಮಾತನ್ನು ಬೇರೆ ಹೆಸರುಗಳನ್ನಿಟ್ಟು ಆಡುವವರು ಸಿಗುತ್ತಾರೆ. ಹೇಳಿದ್ದೇನು ಎಂದು ನೋಡೋಣ. 'ಕಿತಾಬುಶ್ಶಿಫಾ'ದಲ್ಲಿ ಇಬ್ನ್ ಸೀನಾ ಬೆಟ್ಟಗಳು ಹೇಗಾದವು ಎಂದು ಚರ್ಚಿಸುತ್ತಾ, ಈಗ ನೆಲವಾಗಿರುವ ಜಾಗ ಹಿಂದೆ ನೀರಿನಡಿ ಇದ್ದೀತು, ಕಲ್ಲುಗಳಲ್ಲಿ ಜಲಚರಗಳ ಅಂಗಗಳು ಸಿಗುವುದು ಅದಕ್ಕೇ ಎನ್ನುತ್ತಾರೆ. ಪ್ರಾಣಿಗಳು ಕಲ್ಲಾಗುವುದಕ್ಕೆ ಕೆಲವು ನೆಲಗಳಲ್ಲಿರುವ ಒಂದು ಬಗೆಯ ಕಲ್ಲಾಗಿಸುವ ಶಕ್ತಿ ಕಾರಣವಿರಬಹುದೆಂದೂ ಹೇಳುತ್ತಾರೆ. ಮೊದಲನೆಯದು ಬೆರಗಾಗಿಸುವಷ್ಟು ಸರಿ, ಎರಡನೆಯದು ಅವರ ಕಾಲದ ಊಹೆ. ಈ ಭಾಗ 1200ರ ಹೊತ್ತಿಗೆ ಲ್ಯಾಟಿನ್ನಿಗೆ ಅನುವಾದವಾಗಿ ಯುರೋಪಿನಲ್ಲಿ ಬಹುಕಾಲ ಅರಿಸ್ಟಾಟಲನ ಹೆಸರಿನಲ್ಲಿ ಓಡಾಡಿತು ಎಂಬುದು ಮಾತ್ರ ನಾವು ಬೇಸರಪಟ್ಟುಕೊಳ್ಳಬಹುದಾದ ಸಂಗತಿ.

ಅಲ್ ಬೀರೂನಿ ಇನ್ನೂ ಹತ್ತಿರ ಬಂದವರು. 1025ರಲ್ಲಿ ಮುಗಿಸಿದ 'ತಹ್ದೀದ್' ಗ್ರಂಥದಲ್ಲಿ ಜುರ್ಜಾನ್ ಮತ್ತು ಖ್ವಾರಿಜಮ್ ನಡುವಿನ ಮರಳುಗಾಡಿನ ಕಲ್ಲುಗಳಲ್ಲಿ ಚಿಪ್ಪಿನಂಥ ಗುರುತುಗಳಿವೆ, ಅವನ್ನು 'ಮೀನಿನ ಕಿವಿ' ಎನ್ನುತ್ತಾರೆ, ಅಲ್ಲಿ ಹಿಂದೆ ನೀರು ನಿಂತಿತ್ತು ಎಂದು ಬರೆದರು. ಹಿಂದೂಸ್ಥಾನದ ಬಗೆಗಿನ ತಮ್ಮ ದೊಡ್ಡ ಗ್ರಂಥದಲ್ಲಿ ಉತ್ತರದ ಬಯಲಿನ ಕಲ್ಲುಗಳನ್ನು ಗಮನಿಸಿದರು. ಬೆಟ್ಟದ ಬುಡದಲ್ಲಿ ಉರುಟು ಕಲ್ಲು ದೊಡ್ಡದು, ದೂರ ಹೋದಂತೆ ಸಣ್ಣದು, ನದಿ ನಿಧಾನವಾದಲ್ಲಿ ಬರೀ ಮರಳು. ಆದ್ದರಿಂದ ಈ ಬಯಲು ಒಂದು ಕಾಲಕ್ಕೆ ಸಮುದ್ರವಾಗಿದ್ದು ನದಿಗಳು ತಂದ ಹೂಳಿನಿಂದ ತುಂಬಿದೆ ಎಂದು ತರ್ಕಿಸಿದರು. ಶಾರ್ಕಿನ ಹಲ್ಲಿನ ಬಗ್ಗೆ ಅವರು ಹೇಳಲಿಲ್ಲ. ಹೇಳದ್ದನ್ನು ಅವರ ಬಾಯಿಗೆ ತುರುಕಿದರೆ ಕಣ್ಣಾರೆ ನೋಡಿ ಬರೆದ ಆ ಮನುಷ್ಯನಿಗೆ ಅವಮಾನ ಮಾಡಿದಂತೆ.

ಇನ್ನು ಹಲ್ಲನ್ನು ಓದುವ ವಿದ್ಯೆಗೆ ಬರೋಣ. ಸ್ವಿಟ್ಜರ್‌ಲ್ಯಾಂಡಿನ ಲೂಯಿ ಅಗಾಸಿ 1833ರಿಂದ 1843ರವರೆಗೆ ಪ್ರಕಟಿಸಿದ ಸಂಪುಟಗಳಲ್ಲಿ ಪಳೆಯುಳಿಕೆ ಮೀನುಗಳಿಗೆ ಹೆಸರಿಟ್ಟು ವರ್ಗ ಮಾಡಿದರು. ಶಾರ್ಕುಗಳ ವಿಷಯದಲ್ಲಿ ಅವರ ಕೈಯಲ್ಲಿ ಇದ್ದದ್ದು ಬಹುಪಾಲು ಬಿಡಿ ಹಲ್ಲುಗಳೇ. ಇಂದಿಗೂ ಆ ಕೆಲಸ ಮಾಡುವವರು ಮೊದಲು ನೋಡುವುದು ಹಲ್ಲಿನ ಕೆಲಸವೇನು ಎಂಬುದನ್ನು. ಉದ್ದ, ಸಪೂರ, ದಬ್ಬಣದಂಥ ಹಲ್ಲು ಜಾರುವ ಮೀನನ್ನು ಚುಚ್ಚಿ ಹಿಡಿಯಲು. ಅಗಲವಾದ, ಅಂಚಿನಲ್ಲಿ ಗರಗಸದ ಕಚ್ಚುಗಳಿರುವ ಹಲ್ಲು ಮಾಂಸವನ್ನು ಕೊಯ್ಯಲು. ಚಪ್ಪಟೆ ಹಲ್ಲು ಚಿಪ್ಪನ್ನು ಅರೆಯಲು. ಆಮೇಲೆ ವಿವರಗಳು: ಮುಖ್ಯ ಮೊನೆಯ ಎರಡೂ ಬದಿಗೆ ಮರಿಮೊನೆಗಳಿವೆಯೇ, ಬೇರು ಎರಡಾಗಿ ಕವಲೊಡೆದಿದೆಯೇ, ರಕ್ತನಾಳ ಹೋಗುವ ಗೀರು ಬೇರಿನ ನಡುವೆ ಇದೆಯೇ, ಹೊರಮೈ ಚಪ್ಪಟೆಯೇ, ಒಳಮೈ ಎಷ್ಟು ಉಬ್ಬಿದೆ. ಬಣ್ಣವನ್ನು ಮಾತ್ರ ನಂಬಬಾರದು. ಹಲ್ಲು ಕಪ್ಪಾಗಿದ್ದರೆ ಬಹಳ ಹಳೆಯದು ಎಂದುಕೊಳ್ಳುತ್ತಾರೆ, ಆದರೆ ಆ ಕಪ್ಪು ಸುತ್ತಲ ಮಣ್ಣಿನ ಖನಿಜದಿಂದ ಬಂದದ್ದು.

ಕಷ್ಟ ಎಲ್ಲಿದೆಯೆಂದರೆ ಒಂದೇ ಬಾಯಿಯಲ್ಲಿ ಹಲ್ಲುಗಳು ಒಂದೇ ತರಹ ಇರುವುದಿಲ್ಲ. ಮುಂದಿನವು ನೆಟ್ಟಗೆ, ಪಕ್ಕದವು ಬಾಯಿಯ ಮೂಲೆಯ ಕಡೆಗೆ ವಾಲಿದವು. ಹಲವು ಜಾತಿಗಳಲ್ಲಿ ಮೇಲಿನವು ಅಗಲ, ಕೆಳಗಿನವು ಸಪೂರ. ಮರಿಯ ಹಲ್ಲು ಬೇರೆ, ದೊಡ್ಡದರ ಹಲ್ಲು ಬೇರೆ. ಹಾಗಾಗಿ ಒಂದೇ ಮೀನಿನ ಹಲ್ಲುಗಳು ಬೇರೆ ಬೇರೆ ಕಡೆ ಸಿಕ್ಕು, ಮೂರು ನಾಲ್ಕು ಜಾತಿಗಳಾಗಿ ಪುಸ್ತಕದಲ್ಲಿ ಕುಳಿತದ್ದುಂಟು. ಒಂದೇ ಮನೆಯ ಅಣ್ಣತಮ್ಮಂದಿರಿಗೆ ಪಡಿತರ ಕಚೇರಿಯಲ್ಲಿ ಬೇರೆ ಬೇರೆ ಅಡ್ಡಹೆಸರು ಬಿದ್ದಂತೆ.

ಎಲ್ಲರಿಗೂ ಗೊತ್ತಿರುವ ದೈತ್ಯ ಶಾರ್ಕು ಮೆಗಲೊಡಾನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಹಲ್ಲು ಅಂಗೈಗಿಂತ ದೊಡ್ಡದು. ಅಂಚಿನ ಗರಗಸವನ್ನು ನೋಡಿ ಅಗಾಸಿ ಅದನ್ನು ಇಂದಿನ ಬಿಳಿ ಶಾರ್ಕಿನ ಕುಲಕ್ಕೆ ಸೇರಿಸಿದರು. ಹಳೆಯ ಪದರಗಳಿಂದ ಹೊಸ ಪದರಗಳವರೆಗೆ ಹಲ್ಲುಗಳನ್ನು ಸಾಲಾಗಿ ಜೋಡಿಸಿ ನೋಡಿದಾಗ ಬೇರೆಯೇ ವಂಶಾವಳಿ ಕಂಡಿತು. ಒಟೋಡಸ್ ಎಂಬ ಹಳೆಯ ಶಾರ್ಕಿನ ಹಲ್ಲಿಗೆ ನುಣುಪು ಅಂಚು, ಬದಿಯಲ್ಲಿ ಮರಿಮೊನೆಗಳು. ಕಾಲ ಕಳೆದಂತೆ ಅಂಚಿಗೆ ಗರಗಸ ಬಂತು, ಮರಿಮೊನೆಗಳು ಕುಗ್ಗಿ ಕೊನೆಗೆ ಇಲ್ಲವಾದವು. ಅದರ ತುದಿಯಲ್ಲಿ ನಿಂತದ್ದು ಮೆಗಲೊಡಾನ್. ಬಿಳಿ ಶಾರ್ಕು ಬಂದದ್ದು ನುಣುಪು ಅಂಚಿನ ಇನ್ನೊಂದು ಮನೆತನದಿಂದ. ಒಂದೇ ಬಗೆಯ ಬೇಟೆ ಎರಡೂ ಮನೆತನಗಳ ಹಲ್ಲಿಗೆ ಒಂದೇ ಬಗೆಯ ಗರಗಸ ಕೊಟ್ಟಿತ್ತು. ಹೀಗಾಗಿ ಮೆಗಲೊಡಾನಿನ ಕುಲನಾಮ ಹಲವು ಸಲ ಬದಲಾಗಿ ಈಗ ಬಹುಮಂದಿ ಅದನ್ನು ಒಟೋಡಸ್ ಮೆಗಲೊಡಾನ್ ಎನ್ನುತ್ತಾರೆ.

ಚಪ್ಪಟೆ ಹಲ್ಲಿನವರ ಕತೆ ನಮಗೆ ಇನ್ನೂ ಹತ್ತಿರದ್ದು. ರಾಜಸ್ಥಾನದ ಜೈಸಲ್ಮೇರಿನಲ್ಲಿ ಸಿಕ್ಕ ಅರೆಯುವ ಹಲ್ಲುಗಳಿಂದ 2021ರಲ್ಲಿ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ವಿಜ್ಞಾನಿಗಳೂ ರೂರ್ಕಿಯ ಸುನಿಲ್ ಬಾಜಪೈ ಅವರೂ ಸ್ಟ್ರೋಫೋಡಸ್ ಜೈಸಲ್ಮೇರೆನ್ಸಿಸ್ ಎಂಬ ಹೊಸ ಜಾತಿಯನ್ನು ಹೆಸರಿಸಿದರು. ಅದು ಸುಮಾರು 16 ಕೋಟಿ ವರ್ಷ ಹಿಂದಿನದು. ಇಂದು ಒಂಟೆ ನಡೆಯುವ ಮರಳಿನಲ್ಲಿ ಅಂದು ಶಾರ್ಕು ಈಜಿತ್ತು. ದಕ್ಷಿಣದಲ್ಲಿ ತಮಿಳುನಾಡಿನ ಕಾವೇರಿ ಕೊಳ್ಳದ ಜೇಡಿಪದರಗಳಲ್ಲಿ ಟೈಕೋಡಸ್ ಎಂಬುದರ ಹಲ್ಲುಗಳು ಸಿಗುತ್ತವೆ, ಮೇಲೆಲ್ಲ ನೇಗಿಲ ಸಾಲಿನಂಥ ಗೆರೆಗಳಿರುವ ಬಿಲ್ಲೆಗಳು. ಅಲ್ಲಿನ ಶಾರ್ಕುಗಳ ಬಗ್ಗೆ 2011ರಲ್ಲಿ ಬಂದ ಪ್ರಬಂಧವೊಂದು ಡ್ವಾರ್ಡಿಯಸ್ ಸುದಿಂಡಿಕಸ್ ಎಂದು ದಕ್ಷಿಣ ಭಾರತದ ಹೆಸರನ್ನೇ ಒಂದು ಹೊಸ ಜಾತಿಗೆ ಕೊಟ್ಟಿತು. ಟೈಕೋಡಸ್ ಹಲ್ಲು ಅಗಾಸಿಯ ಕಾಲದಿಂದಲೂ ಗೊತ್ತಿದ್ದರೂ ಅದರ ಮೈ ಹೇಗಿತ್ತು ಎಂದು ಯಾರೂ ಕಂಡಿರಲಿಲ್ಲ. ತಳದಲ್ಲಿ ತೆವಳುವ ಸೋಮಾರಿ ಮೀನು ಎಂದು ಹಲವರು ಚಿತ್ರ ಬರೆದಿದ್ದರು. 2024ರಲ್ಲಿ ಮೆಕ್ಸಿಕೋದ ವಯ್ಯೆಸಿಯೊ ಎಂಬಲ್ಲಿನ ಇಡೀ ಮೈಯ ಪಳೆಯುಳಿಕೆಗಳ ವಿವರ ಪ್ರಕಟವಾದಾಗ ಅದು ಬಿಳಿ ಶಾರ್ಕಿನ ಬಳಗದ, ತೆರೆದ ಕಡಲಿನಲ್ಲಿ ವೇಗವಾಗಿ ಈಜುವ ಮೀನೆಂದು ತಿಳಿಯಿತು. ಹಲ್ಲು ತಿಂದದ್ದನ್ನು ಹೇಳಿತ್ತು. ಓಡಾಟದ ಬಗ್ಗೆ ಅದನ್ನು ನುಡಿಸಿದ್ದು ನಾವು.

ಜೈಸಲ್ಮೇರಿನಲ್ಲೂ ಕಾವೇರಿ ಕೊಳ್ಳದಲ್ಲೂ ಸಮುದ್ರವಿತ್ತು, ಸರಿ. ಝಳಕಿಯಲ್ಲಿ? ಇಲ್ಲಿರುವುದು ಬೆಂಕಿಯಿಂದ ಹುಟ್ಟಿದ ಕಲ್ಲು. ನೆಲ ಬಿರಿದು ಹರಿದ ಲಾವಾರಸ ಒಂದರ ಮೇಲೊಂದು ಹಾಸಿ ಸುಮಾರು ಐದು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚಿನ ದಖ್ಖನ್ನಿನ ಹಾಸುಗಲ್ಲಾಯಿತು. ಮಹಾಬಳೇಶ್ವರದ ಕಡೆ ಅದರ ದಪ್ಪ ಕಿಲೋಮೀಟರುಗಳಲ್ಲಿ, ನಮ್ಮ ಕಡೆ ತೆಳ್ಳಗೆ. ಈ ಕಲ್ಲು ನಮಗೆ ಎಷ್ಟು ಹಳೆಯ ಗೆಳೆಯ ಎನ್ನಲು ವಿಜಾಪುರದ ಗುಮ್ಮಟವನ್ನೇ ನೋಡಬಹುದು. 1656ರಲ್ಲಿ ತೀರಿಹೋದ ಮುಹಮ್ಮದ್ ಆದಿಲ್‌ಶಾಹ ಮಲಗಿರುವ ಗೋಲಗುಮ್ಮಟದ ಗೋಡೆ ಇದೇ ಕರಿಕಲ್ಲಿನದು. ಅದನ್ನು ಕಟ್ಟಿದ ಉಸ್ತಾದರಿಗೆ ಈ ಕಲ್ಲು ಎಷ್ಟು ಭಾರ ತಡೆಯುತ್ತದೆ ಎಂದು ಗೊತ್ತಿತ್ತು. ಅದರ ವಯಸ್ಸು ಎಷ್ಟು ಎಂಬ ಪ್ರಶ್ನೆ ಅವರದಾಗಿರಲಿಲ್ಲ.

ಆ ಪ್ರಶ್ನೆ ಮಾತ್ರ ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡ ಜಗಳವಾಯಿತು. ಲಾವಾ ಒಂದೇ ಏಟಿಗೆ ಹರಿದದ್ದಲ್ಲ. ನಡುನಡುವೆ ವಿರಾಮವಿತ್ತು. ಆರಿದ ಕಲ್ಲಿನ ಮೇಲೆ ಮಳೆ ಬಿತ್ತು, ಕೆರೆಗಳಾದವು, ಕೆಸರು ಕೂತಿತು, ಗಿಡ ಬೆಳೆಯಿತು, ಮೀನು ಬಂತು. ಮತ್ತೆ ಲಾವಾ ಬಂದು ಅದನ್ನೆಲ್ಲ ಮುಚ್ಚಿತು. ಹಾಗೆ ಎರಡು ಕರಿಕಲ್ಲುಗಳ ನಡುವೆ ಸಿಕ್ಕಿಬಿದ್ದ ತೆಳು ಕೆಸರುಪದರವೇ ಆ ಕಾಲದ ರೋಜುನಾಮೆ. ನಮ್ಮ ನಾಡಿನಲ್ಲಿ ಗುರುಮಠಕಲ್ ಸುತ್ತ ಇಂಥ ಪದರಗಳಿವೆ. ಅಲ್ಲಿಂದ ಸೂಜಿಮೊನೆಯಷ್ಟು ಸಣ್ಣ ಸಿಹಿನೀರಿನ ಚಿಪ್ಪುಜೀವಿಗಳ ವಿವರ 2002ರಲ್ಲಿ ಪ್ರಕಟವಾಗಿದೆ.

ಈಗ ಪಾಕಿಸ್ತಾನದಲ್ಲಿರುವ ಭೇರಾ ಊರಿನಲ್ಲಿ 1891ರಲ್ಲಿ ಹುಟ್ಟಿದ ಬೀರಬಲ್ ಸಾಹ್ನಿ ಈ ಪದರಗಳ ತಾಳೆ, ಜರಿಗಿಡಗಳ ಪಳೆಯುಳಿಕೆ ನೋಡಿ ಒಂದು ತೀರ್ಮಾನಕ್ಕೆ ಬಂದರು. ಇವು ಹೊಸ ಕಾಲದ ಸಸ್ಯಗಳು, ಆದ್ದರಿಂದ ದಖ್ಖನ್ನಿನ ಲಾವಾ ಡೈನೋಸಾರುಗಳು ಅಳಿದ ನಂತರ ಬಂದದ್ದು ಎಂದು. 1940ರಲ್ಲಿ ಮದರಾಸಿನಲ್ಲಿ ಸೇರಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷ ಭಾಷಣಕ್ಕೆ ಅವರು ಆರಿಸಿಕೊಂಡದ್ದು ಇದೇ ವಿಷಯ. ಲಖನೌದಲ್ಲಿ ತಾವು ಕಟ್ಟಿದ ಸಂಸ್ಥೆಯ ಕಟ್ಟಡಕ್ಕೆ 1949ರ ಏಪ್ರಿಲ್ 3ರಂದು ನೆಹರೂ ಅಡಿಗಲ್ಲಿಟ್ಟರು. ಒಂದು ವಾರದಲ್ಲಿ ಸಾಹ್ನಿ ತೀರಿಕೊಂಡರು.

ಅವರ ತಮ್ಮನ ಮಗ ಅಶೋಕ್ ಸಾಹ್ನಿ ಮುಂದೆ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇದೇ ಪದರಗಳನ್ನು ಬೇರೆ ರೀತಿಯಲ್ಲಿ ಕೆದಕಿದರು. ದೊಡ್ಡ ಎಲುಬು ಹುಡುಕುವುದನ್ನು ಬಿಟ್ಟು ಅವರೂ ಅವರ ಶಿಷ್ಯರೂ ಕೆಸರುಗಲ್ಲನ್ನು ಮೂಟೆಗಟ್ಟಲೆ ಹೊತ್ತು ತಂದು, ನೆನೆಹಾಕಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಕಾಳು ಆರಿಸಿದರು. ಅಕ್ಕಿಯಲ್ಲಿ ಕಲ್ಲು ಹೆಕ್ಕುವ ನಮ್ಮ ಅಮ್ಮಂದಿರ ಕೆಲಸವೇ. ಆ ಬಳಗದ ಜಿ.ವಿ.ಆರ್. ಪ್ರಸಾದ್ ಕರ್ನಾಟಕದ ಗಡಿಯಿಂದ ಬಹಳ ದೂರವಲ್ಲದ ನಸ್ಕಲ್ಲಿನ ಪದರದಿಂದ ಭಾರತದ ಕ್ರಿಟೇಶಿಯಸ್ ಕಾಲದ ಮೊದಲ ಸಸ್ತನಿಯ ಹಲ್ಲುಗಳನ್ನು 1988ರಲ್ಲಿ ಅಶೋಕ್ ಸಾಹ್ನಿಯವರೊಂದಿಗೆ ಪ್ರಕಟಿಸಿದರು.

ಅದಕ್ಕೂ ಮೊದಲು ಬಂದದ್ದು ನಾನು ಆಗಲೇ ಹೇಳಿದ ಮೀನಿನ ಹಲ್ಲು. ಶಾರ್ಕಿನ ದಾಯಾದಿಯಾದ ತೊರಕೆ ಮೀನುಗಳಲ್ಲಿ ಒಂದು ಪಂಗಡಕ್ಕೆ ಹಲ್ಲುಗಳು ಬಾಯಲ್ಲಿ ಫರಸಿ ಹಾಸಿದಂತೆ ಒಂದಕ್ಕೊಂದು ಒತ್ತಿ ಕೂತಿರುತ್ತವೆ. ಒಂದೊಂದು ಹಲ್ಲೂ ಕೋನಗಳಿರುವ ಸಣ್ಣ ಇಟ್ಟಿಗೆ, ಬುಡದಲ್ಲಿ ಬಾಚಣಿಕೆಯಂತೆ ಸೀಳಿದ ಬೇರು. ಆ ಬೇರು ನೋಡಿದ ಕೂಡಲೇ ತಿಳಿದವರು ಇದು ತೊರಕೆಯದು ಎನ್ನುತ್ತಾರೆ. ಫ್ರಾನ್ಸಿನ ಅನ್ರಿ ಕಪೆಟ್ಟಾ 1972ರಲ್ಲಿ ಆಫ್ರಿಕಾದ ನೈಜರ್ ದೇಶದ ಹಲ್ಲುಗಳಿಂದ ಇಂಥ ಅಳಿದ ಮೀನೊಂದಕ್ಕೆ ಇಗ್ಡಬಾಟಿಸ್ ಎಂದು ಹೆಸರಿಟ್ಟಿದ್ದರು. ಅದು ಬದುಕಿದ್ದು ಡೈನೋಸಾರುಗಳ ಕೊನೆಯ ಕಾಲದಲ್ಲಿ, ಈಗಿನ ಲೆಕ್ಕದಲ್ಲಿ 7.2 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ. ಅದೇ ಮೀನಿನ ಹಲ್ಲು ದಖ್ಖನ್ನಿನ ಪದರಗಳಲ್ಲಿ ಸಿಕ್ಕಿತು.

ಆ ಹೊತ್ತಿಗೆ ಪ್ಯಾರಿಸ್ಸಿನ ವಿನ್ಸೆಂಟ್ ಕೂರ್ತಿಯೊ ಮತ್ತವರ ಜತೆಗಾರರು ಕರಿಕಲ್ಲಿನ ಕಾಂತಗುಣ ಅಳೆಯುತ್ತಿದ್ದರು. ಲಾವಾ ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ಅಂದಿನ ಉತ್ತರ ದಿಕ್ಕನ್ನು ನೆನಪಿಟ್ಟುಕೊಳ್ಳುತ್ತವೆ. ಭೂಮಿಯ ಕಾಂತಧ್ರುವಗಳು ಆಗಾಗ ಅದಲುಬದಲಾಗಿವೆ. ದಖ್ಖನ್ನಿನ ಲಾವಾ ಕೋಟಿಗಟ್ಟಲೆ ವರ್ಷ ಹರಿದಿದ್ದರೆ ಹತ್ತಾರು ಅದಲುಬದಲು ಕಾಣಬೇಕಿತ್ತು. ಕಂಡದ್ದು ಎರಡೇ, ಹೆಚ್ಚಿನ ಭಾಗವೆಲ್ಲ ಒಂದೇ ತಿರುವುಮುರುವಿನ ಅವಧಿಯದ್ದು. ಆದರೆ ಯಾವ ಅವಧಿ? ದಿಕ್ಸೂಚಿಗೆ ಇಸವಿ ಗೊತ್ತಿರುವುದಿಲ್ಲ. ಕಲ್ಲನ್ನು ರಾಸಾಯನಿಕವಾಗಿ ಅಳೆದವರ ಅಂಕಿಗಳು 8 ಕೋಟಿಯಿಂದ 3 ಕೋಟಿ ವರ್ಷದವರೆಗೆ ಎಲ್ಲೆಲ್ಲೋ ಓಡಾಡುತ್ತಿದ್ದವು. ಇಸವಿ ಹೇಳಿದ್ದು ಇಗ್ಡಬಾಟಿಸ್. ಕಪೆಟ್ಟಾ ಅವರೂ ಸೇರಿ 1986ರಲ್ಲಿ ಪ್ರಕಟಿಸಿದ ಪ್ರಬಂಧ ಕಾಂತದ ಸಾಕ್ಷಿ, ಹೊಸ ಬಗೆಯ ರಾಸಾಯನಿಕ ಅಳತೆ, ಹಲ್ಲಿನ ಸಾಕ್ಷಿ ಮೂರನ್ನೂ ಜೋಡಿಸಿ, ಈ ಲಾವಾ ಹರಿದದ್ದು ಡೈನೋಸಾರುಗಳು ಅಳಿದ ಗಡಿಕಾಲದಲ್ಲೇ, ಅದೂ ಬಹಳ ಕಡಿಮೆ ಅವಧಿಯಲ್ಲಿ ಎಂದಿತು. ಮುಂದೆ 1993ರಲ್ಲಿ ಪ್ರಸಾದ್ ಮತ್ತು ಕಪೆಟ್ಟಾ ಆಸಿಫಾಬಾದ್, ಮಾರೇಪಲ್ಲಿ ಮೊದಲಾದ ಕಡೆಯ ಹಲ್ಲುಗಳನ್ನು ವಿವರಿಸಿ ಭಾರತದ ತೊರಕೆಗೆ ಇಗ್ಡಬಾಟಿಸ್ ಇಂಡಿಕಸ್ ಎಂಬ ಹೆಸರು ಕೊಟ್ಟರು.

1980ರಲ್ಲೇ ಅಮೆರಿಕದ ಆಲ್ವಾರೆಜ್ ತಂದೆ ಮಗ ಮತ್ತು ಸಂಗಡಿಗರು ಡೈನೋಸಾರುಗಳನ್ನು ಕೊಂದದ್ದು ಆಕಾಶದಿಂದ ಬಿದ್ದ ಬಂಡೆ ಎಂದು ವಾದಿಸಿದ್ದರು. 1991ರಲ್ಲಿ ಮೆಕ್ಸಿಕೋದಲ್ಲಿ ಅದು ಬಿದ್ದ ಕುಳಿಯ ಗುರುತೂ ಹತ್ತಿತು. ಹಾಗಾದರೆ ಅದೇ ಹೊತ್ತಿಗೆ ಉಕ್ಕುತ್ತಿದ್ದ ನಮ್ಮ ಕರಿಕಲ್ಲಿನ ಪಾಲೆಷ್ಟು? ಆ ವಾದ ಇನ್ನೂ ಮುಗಿದಿಲ್ಲ. 2019ರಲ್ಲಿ 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಹೊಸ ಅಳತೆಗಳನ್ನು ಕೊಟ್ಟವು. ಲಾವಾದ ಬಹುಪಾಲು ಸುಮಾರು ಹತ್ತು ಲಕ್ಷ ವರ್ಷದೊಳಗೆ, 6.6 ಕೋಟಿ ವರ್ಷಗಳ ಹಿಂದಿನ ಆ ಗಡಿಯ ಆಚೀಚೆ ಹರಿಯಿತು ಎಂಬಲ್ಲಿ ಇಬ್ಬರೂ ಒಪ್ಪಿದರು. ಗಡಿಗೆ ಮೊದಲು ಎಷ್ಟು, ಆಮೇಲೆ ಎಷ್ಟು ಎಂಬಲ್ಲಿ ಒಪ್ಪಲಿಲ್ಲ. ಒಂದು ತಂಡದ ಪ್ರಕಾರ ಸುಮಾರು ಮುಕ್ಕಾಲು ಪಾಲು ಲಾವಾ ಬಂದದ್ದು ಡೈನೋಸಾರುಗಳು ಹೋದ ಮೇಲೆ. ಅಂದರೆ ದೊಡ್ಡಪ್ಪ ಬೀರಬಲ್ ಸಾಹ್ನಿ ಸಂಪೂರ್ಣ ಸೋಲಲಿಲ್ಲ. ಕೆಲವು ಪದರಗಳು ನಿಜವಾಗಿಯೂ ಹೊಸ ಕಾಲದವು. ಸಸ್ಯ ಒಂದು ಬಾಗಿಲಿನ ಸಾಕ್ಷಿ ಹೇಳಿತ್ತು, ಹಲ್ಲು ಇನ್ನೊಂದು ಬಾಗಿಲಿನದು.

ಅಜ್ಜ ಹೇಳಿದ ಸಮುದ್ರದ ಮಾತು ಉಳಿಯಿತು. ಇಗ್ಡಬಾಟಿಸ್ ಸಿಕ್ಕಿದ್ದರಿಂದ ದಖ್ಖನ್ನಿನ ಒಳಗೆ ಸಮುದ್ರ ಬಂದಿತ್ತು ಎಂದು ವಾದಿಸಿದವರಿದ್ದಾರೆ. ಆದರೆ ಅದರ ಜತೆ ಸಿಗುವ ಕಪ್ಪೆ, ಆಮೆ, ಸಿಹಿನೀರ ಮೀನುಗಳು ಬೇರೆ ಕತೆ ಹೇಳುತ್ತವೆ. ಇಂದಿನ ಕೆಲವು ತೊರಕೆಗಳೂ ಶಾರ್ಕುಗಳೂ ನದಿಯಲ್ಲಿ ಬಹುದೂರ ಏರಿಬರುತ್ತವೆ. ಹಲ್ಲು ಕಾಲವನ್ನು ಗಟ್ಟಿಯಾಗಿ ಹೇಳಿತು, ನೀರು ಉಪ್ಪೋ ಸಿಹಿಯೋ ಎಂಬುದನ್ನು ಹೇಳಲಿಲ್ಲ. ಝಳಕಿಯ ಮಟ್ಟಿಗೆ ನಾನು ಸಮುದ್ರದ ಮಾತನ್ನು ಕೈಬಿಟ್ಟಿದ್ದೇನೆ.

ಹಲ್ಲಿನ ವಿದ್ಯೆಗೆ ನಮ್ಮ ಸೀಮೆ ಹೊಸದಲ್ಲ. ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯುತ್ತಿದ್ದ ನಮ್ಮ ಭಾಗವನ್ನು ಅಳೆದು 1876ರಲ್ಲಿ ದೊಡ್ಡ ವರದಿ ಕೊಟ್ಟ ರಾಬರ್ಟ್ ಬ್ರೂಸ್ ಫೂಟ್, ಗೋಕಾಕದ ಹತ್ತಿರ ಸಿಕ್ಕ ಹಲ್ಲು ದವಡೆಗಳಿಂದ ಅಳಿದುಹೋದ ಘೇಂಡಾಮೃಗವೊಂದನ್ನು ಗುರುತಿಸಿ 1874ರಲ್ಲಿ ಅದಕ್ಕೆ ದಖ್ಖನ್ನಿನ ಹೆಸರನ್ನೇ ಇಟ್ಟಿದ್ದರು. ಅದು ಲಾವಾಕ್ಕಿಂತ ಎಷ್ಟೋ ಈಚಿನ ಪ್ರಾಣಿ.

ನನ್ನ ಚಿಂತೆ ಕೆಸರುಪದರಗಳ ಬಗ್ಗೆ. ಅವು ಎಷ್ಟೋ ಕಡೆ ಒಂದು ಗೇಣು, ಒಂದು ಮೊಳ ದಪ್ಪ. ಖಡಿ ಮಷೀನಿಗೆ ಹೋಗುವ ಕಲ್ಲಿನ ಜತೆ ಅವೂ ಹೋಗುತ್ತವೆ, ರಸ್ತೆಯಾಗುತ್ತವೆ. ಕಲ್ಲು ತೆಗೆಯುವವನಿಗೆ ಅದು ಕೆಲಸಕ್ಕೆ ಬಾರದ ಮಣ್ಣು, ಪಕ್ಕಕ್ಕೆ ಸುರಿಯುತ್ತಾನೆ. ತಪ್ಪು ಅವನದಲ್ಲ, ಅವನಿಗೆ ಯಾರೂ ಹೇಳಿಲ್ಲ. ನಮ್ಮ ಶಾಲೆಯ ಪಾಠದಲ್ಲಿ ಡೈನೋಸಾರು ಎಂದರೆ ಅಮೆರಿಕ, ಶಾರ್ಕು ಎಂದರೆ ಸಿನಿಮಾ. ಉರ್ದು ಶಾಲೆಯಲ್ಲೂ ಅಷ್ಟೇ, ಕನ್ನಡ ಶಾಲೆಯಲ್ಲೂ ಅಷ್ಟೇ. ನಾನು ಎರಡರಲ್ಲೂ ಓದಿದವನು.

ಇದನ್ನೆಲ್ಲ ಒಂದು ಸಂಜೆ ಆ ಹುಡುಗನಿಗೆ ನನಗೆ ತಿಳಿದಷ್ಟು ಹೇಳಿದೆ. ಅವನು ತನ್ನ ನಾಯಿಹಲ್ಲಿನ ಹರಳನ್ನು ಚೊಣ್ಣದ ಕಿಸೆಯಲ್ಲೇ ಇಟ್ಟುಕೊಂಡಿದ್ದ, ಎಸೆದಿರಲಿಲ್ಲ.

"ಹಂಗಾರ ಖರೇ ಹಲ್ಲ ಎಲ್ಲಿ ಹುಡಕಬೇಕ್ರಿ ಕಾಕಾ?"

ಎರಡು ಕರಿಕಲ್ಲಿನ ನಡುವೆ ಮೆತ್ತಗಿನ ಮಣ್ಣಿನ ಪಟ್ಟಿ ಕಂಡರೆ ಅಲ್ಲಿ, ಅದೂ ಕಣ್ಣಿಗೆ ಕಾಣುವಷ್ಟು ದೊಡ್ಡದಿರುವುದಿಲ್ಲ, ತೊಳೆದು ಸೋಸಬೇಕು ಎಂದೆ. ಅವನು ಸ್ವಲ್ಪ ಹೊತ್ತು ಬಾವಿಯ ಕಡೆ ನೋಡಿದ. ಆಮೇಲೆ ಅವ್ವನ ಹಿಟ್ಟಿನ ಸಾಣಿಗೆ ಇದಕ್ಕೆ ನಡೆಯುತ್ತದೆಯೇ ಎಂದು ಕೇಳಿದ.